ರೂಢಿಯನ್ನು ಮುರಿದುದಕ್ಕೆ ಇಪ್ಪತ್ತು ಅಂಕಗಳೆ?

ನಮ್ಮ ಸಂಘದ ಕಾರ್ಯಸಮಿತಿಯವರು ಬರುವ ವಾರ್ಷಿಕೋತ್ಸವದ ಅಂಗವಾಗಿ ಜಿಲ್ಲೆಯ ವಿದ್ಯಾರ್ಥಿಗಳಿಗೆ ಕಿರುಚಿತ್ರದ ಸ್ಪರ್ಧೆಯೊಂದನ್ನು ಏರ್ಪಡಿಸಲು ನಿಶ್ಚಯಿಸಿ, ಅದರ ನಿಯಮಗಳ ಕರಡನ್ನು ಕಳೆದ ತಿಂಗಳ ಸಂಚಿಕೆಯಲ್ಲಿ ಅಚ್ಚುಮಾಡಿಸಿ, ಸದಸ್ಯರ ಅಭಿಪ್ರಾಯವನ್ನು ಬೇಡಿರುತ್ತಾರೆ. ವಿಷಯವು ಭಯಾನಕ ಕಥೆಯೊಂದರ ಆರಂಭಭಾಗ. ಅವಧಿ ಎರಡು ನಿಮಿಷ. ಒಟ್ಟು ೧೦೦ ಅಂಕಗಳಲ್ಲಿ ೨೦ ಅಂಕಗಳು "ಪ್ರಕಾರದ ರೂಢಿಗಳನ್ನು ಮುರಿದುದಕ್ಕೆ" ಮೀಸಲಾಗಿವೆ. ಉಳಿದ ಎಂಬತ್ತು ಅಂಕಗಳ ವಿಷಯದಲ್ಲಿ ನನ್ನ ತಕರಾರಿಲ್ಲ. ಈ ಇಪ್ಪತ್ತರ ವಿಷಯದಲ್ಲಿ ಮಾತ್ರ ನನಗೆ ಬಲವಾದ ಆಕ್ಷೇಪವುಂಟು. ಅದನ್ನು ವಾಚಕರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ಪರಿಹರಿಸಬೇಕಾಗಿದೆ. ದೆವ್ವಭೂತಗಳ ಕಥೆಗಳು ವಿದ್ಯಾರ್ಥಿಗಳಿಗೆ ತಕ್ಕವಲ್ಲವೆಂದೂ, ಸಾಹಿತ್ಯಸಂಘಕ್ಕೆ ಇದು ಗೌರವದ ಕೆಲಸವಲ್ಲವೆಂದೂ ಕೆಲವು ಹಿರಿಯರು ಸಭೆಯಲ್ಲಿ ಹೇಳಿದರು. ಪಾಠಶಾಲೆಯಲ್ಲಿ ಓದಿದವನಾದುದರಿಂದ ನಾನೂ ಅವರ ಪಕ್ಷದವನೇ ಇರಬೇಕೆಂದು ಅನೇಕರು ಊಹಿಸಿದಂತೆ ಕಂಡಿತು. ಹಾಗಲ್ಲ. ಭರತಮುನಿಯು ಎಣಿಸಿದ ಎಂಟು ರಸಗಳಲ್ಲಿ ಭಯಾನಕವೂ ಒಂದು. ಅದಕ್ಕೆ ಕಪ್ಪು ಬಣ್ಣವನ್ನೂ ಕಾಲನೆಂಬ ಅಧಿದೇವತೆಯನ್ನೂ ಆತನು ಹೇಳಿದ್ದಾನೆ. ಶೃಂಗಾರಕ್ಕೆ ಸಲ್ಲುವ ಮರ್ಯಾದೆಯು ಭಯಾನಕಕ್ಕೆ ಸಲ್ಲದೆಂದು ಹೇಳಲು ನಮಗೆ ಶಾಸ್ತ್ರದ ಆಧಾರವಿಲ್ಲ. ಆದುದರಿಂದ ಸಮಿತಿಯವರು ಆರಿಸಿದ ವಿಷಯವು ನಿರ್ದುಷ್ಟವಾದುದು. ಅದನ್ನು ಅಳೆಯಲು ಅವರು ಆರಿಸಿದ ಕೋಲು ಮಾತ್ರ ಸೊಟ್ಟಗಿದೆ.

ಇನ್ನು ಪೂರ್ವಪಕ್ಷವನ್ನು ನ್ಯಾಯವಾಗಿಯೇ ಹೇಳುತ್ತೇನೆ. ಇಪ್ಪತ್ತು ಅಂಕಗಳ ಪರವಾಗಿ ಮಾತಾಡಿದ ತರುಣಮಿತ್ರರ ವಾದವು ಹೀಗಿತ್ತು: ಹೆದರಿಸುವ ಚಿತ್ರಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದವು. ಪಾಳುಬಿದ್ದ ಮನೆ, ಮಧ್ಯರಾತ್ರಿ, ಗೂಗೆಯ ಕೂಗು, ಕಿರುಗುಟ್ಟುವ ಬಾಗಿಲು, ಒಬ್ಬಂಟಿ ಹುಡುಗಿ. ಇವುಗಳನ್ನೇ ವಿದ್ಯಾರ್ಥಿಗಳು ನೋಡಿ ನೋಡಿ ನಕಲು ಮಾಡುತ್ತಾರೆ. ಮುರಿದವನಿಗೆ ಬಹುಮಾನವಿದೆಯೆಂದು ಸಾರಿದರೆ ಅವರ ಸ್ವಂತ ಬುದ್ಧಿಯು ಎಚ್ಚರಗೊಳ್ಳುವುದು. ಇಂಗ್ಲೆಂಡಿನ ಶಾಲಾಪರೀಕ್ಷೆಗಳಲ್ಲಿಯೂ ಇಂತಹ ಪ್ರಶ್ನೆಯನ್ನು ಕೇಳುತ್ತಿದ್ದರು. ಹೀಗೆಂದು ಅವರ ವಾದ. ಉದ್ದೇಶವು ಒಳ್ಳೆಯದು. ಆದರೆ ಉದ್ದೇಶವು ಒಳ್ಳೆಯದಾದ ಮಾತ್ರಕ್ಕೆ ಉಪಾಯವು ಒಳ್ಳೆಯದಾಗುವುದಿಲ್ಲ.

ಮಿತ್ರರು ಹಾಸ್ಯಮಾಡಿದ ಆ ಪಟ್ಟಿಯು ಎಲ್ಲಿಂದ ಬಂದಿತೆಂಬುದನ್ನು ನೋಡೋಣ. ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಭಯಾನಕದ ವಿಭಾವಗಳನ್ನು, ಎಂದರೆ ಭಯವನ್ನು ಹುಟ್ಟಿಸುವ ಕಾರಣಗಳನ್ನು, ಎಣಿಸಿದೆ. ವಿಕಾರವಾದ ಧ್ವನಿ, ಭೂತದರ್ಶನ, ನರಿ ಗೂಗೆಗಳಿಂದಾಗುವ ನಡುಕ, ಬರಿದಾದ ಮನೆಗೂ ಅಡವಿಗೂ ಹೋಗುವುದು, ತನ್ನವರ ವಧೆಯನ್ನೋ ಬಂಧನವನ್ನೋ ಕಾಣುವುದು ಅಥವಾ ಕೇಳುವುದು, ಇವೇ ಅಲ್ಲಿರತಕ್ಕವು. ಅನುಭಾವಗಳಾಗಿ ಕೈಕಾಲುಗಳ ನಡುಕ, ಕಣ್ಣುಗಳ ಚಾಂಚಲ್ಯ, ರೋಮಾಂಚ, ಮುಖ ಬಿಳುಚುವುದು, ಸ್ವರ ಒಡೆಯುವುದು ಎಂದೂ ಹೇಳಿದೆ. ಚಲಚ್ಚಿತ್ರವೆಂಬುದು ಕನಸಿನಲ್ಲಿಯೂ ಇಲ್ಲದ ಕಾಲದಲ್ಲಿ ಮಾಡಿದ ಪಟ್ಟಿಯಿದು! ಗೂಗೆಯೂ ಶೂನ್ಯಗೃಹವೂ ಯಾವನೋ ಸೋಮಾರಿ ನಿರ್ದೇಶಕನ ಸೃಷ್ಟಿಯಲ್ಲ. ಮನುಷ್ಯನ ಎದೆಯು ಎಲ್ಲಿ ಅದಿರುತ್ತದೆಂಬುದನ್ನು ಬಹುಕಾಲ ನೋಡಿ ತಿಳಿದವರ ಅನುಭವಸಾರವದು.

ರೂಢಿಯೆಂದರೇನೆಂಬುದನ್ನೂ ಸ್ವಲ್ಪ ವಿಚಾರಮಾಡಬೇಕು. ನಮ್ಮ ಆಲಂಕಾರಿಕರು ಇದಕ್ಕೆ "ಸಮಯ" ಎಂಬ ಹೆಸರನ್ನಿಟ್ಟರು. ಚಕೋರವು ಬೆಳುದಿಂಗಳನ್ನು ಕುಡಿಯುತ್ತದೆ, ಕೀರ್ತಿಯು ಬೆಳ್ಳಗಿರುತ್ತದೆ ಎಂಬಿವು ಕವಿಸಮಯಗಳು. ಹಕ್ಕಿ ಬೆಳಕನ್ನು ಕುಡಿಯುವುದೆಂದು ಕವಿಯೂ ನಂಬಿರಲಿಲ್ಲ, ಓದುವವನೂ ನಂಬಿರಲಿಲ್ಲ. ಆದರೂ ಇಬ್ಬರೂ ಒಪ್ಪಿಕೊಂಡಿದ್ದರು. ಏಕೆಂದರೆ "ಸಮಯ" ಎಂಬ ಶಬ್ದಕ್ಕೆ ಒಡಂಬಡಿಕೆಯೆಂಬ ಅರ್ಥವೂ ಉಂಟು. ಇಂಗ್ಲಿಷಿನಲ್ಲಿ ಇದಕ್ಕೆ ಹೇಳುವ "ಕನ್ವೆನ್ಶನ್" ಎಂಬ ಮಾತಿಗೂ ಒಪ್ಪಂದವೆಂಬ ಅರ್ಥವಿರುವುದು ಆಕಸ್ಮಿಕವಲ್ಲವೆಂದು ತೋರುತ್ತದೆ. ಆದುದರಿಂದ ರೂಢಿಯೆಂಬುದು ಮಾಡುವವನಿಗೂ ನೋಡುವವನಿಗೂ ನಡುವೆ ಇರುವ ಕರಾರು. ಕರಾರನ್ನು ಮುರಿಯಬಾರದೆಂದು ನಾನು ಹೇಳುವುದಿಲ್ಲ. ಆದರೆ ಕರಾರನ್ನೇ ಮಾಡಿಕೊಳ್ಳದವನು ಮುರಿಯುವುದು ಏನನ್ನು? ನೋಡುವವನು ಏನನ್ನೂ ನಿರೀಕ್ಷಿಸದಿರುವಾಗ ಅವನ ನಿರೀಕ್ಷೆಯನ್ನು ಸುಳ್ಳುಮಾಡುವುದು ಹೇಗೆ?

ಕೃತಿಯ ಆರಂಭವೆಂಬುದು ಈ ಕರಾರಿಗೆ ಸಹಿಹಾಕುವ ಸ್ಥಳ. ಅದಕ್ಕಾಗಿಯೇ ನಮ್ಮ ನಾಟಕಗಳಲ್ಲಿ ಪೂರ್ವರಂಗ, ನಾಂದಿ, ಪ್ರಸ್ತಾವನೆಗಳೆಂಬ ಏರ್ಪಾಡು. ವಿಶಾಖದತ್ತನ ಮುದ್ರಾರಾಕ್ಷಸವನ್ನು ನೆನೆಯಿರಿ. ಸೂತ್ರಧಾರನು ರೂಢಿಯಂತೆ ಮನೆಗೆ ಬರುತ್ತಾನೆ, ರೂಢಿಯಂತೆ ಹೆಂಡತಿಯನ್ನು ಕರೆಯುತ್ತಾನೆ, ಮನೆಯಲ್ಲಿ ಅಡಿಗೆಯ ಸಂಭ್ರಮ. ಗ್ರಹಣವೆಂದು ಆಕೆ ಹೇಳಲು, ಕ್ರೂರಗ್ರಹವು ಚಂದ್ರನನ್ನು ಹಿಡಿಯಲೆಳಸುವ ಮಾತನ್ನು ಆತನು ಆಡುತ್ತಾನೆ. ಆ ಕ್ಷಣದಲ್ಲಿ ತೆರೆಯ ಹಿಂದಿನಿಂದ ಗುಡುಗಿದಂತೆ ಒಂದು ಧ್ವನಿ: ತಾನು ಬದುಕಿರುವಾಗ ಚಂದ್ರನನ್ನು ಹಿಡಿಯುವವನು ಯಾರೆಂದು ಚಾಣಕ್ಯನು ಕೇಳುತ್ತಿದ್ದಾನೆ. ಆಕಾಶದ ಚಂದ್ರನ ಮಾತನ್ನು ಆತನು ಚಂದ್ರಗುಪ್ತನ ಮಾತಾಗಿ ತೆಗೆದುಕೊಂಡನು. ಸೂತ್ರಧಾರನು ಹೆದರಿ ಹೆಂಡತಿಯೊಡನೆ ಹೊರಟುಹೋಗುತ್ತಾನೆ. ಪ್ರಸ್ತಾವನೆಯ ನಿಯಮದಲ್ಲಿ ಒಂದನ್ನೂ ಬಿಟ್ಟಿಲ್ಲ. ಆದರೂ ಮನೆಯ ಅಡಿಗೆಯ ನಡುವೆ ರಾಜ್ಯದ ಭಯವು ನುಗ್ಗಿತು. ಅದು ನುಗ್ಗುವುದಕ್ಕೆ ಆ ಅಡಿಗೆಯ ಮನೆಯು ಮೊದಲು ಇರಬೇಕಾಗಿತ್ತು.

ಶಾಕುಂತಲದ ಮೊದಲನೆಯ ಅಂಕವನ್ನೂ ನೋಡಿರಿ. ಅದು ಶೃಂಗಾರದ ನಾಟಕ. ಆದರೆ ತೆರೆ ಸರಿದೊಡನೆ ನಾವು ಕಾಣುವುದು ಪ್ರಾಣಭಯದಿಂದ ಓಡುವ ಒಂದು ಜಿಂಕೆಯನ್ನು. ಅಭಿನವಗುಪ್ತನು ಭಯದ ಆಸ್ವಾದವನ್ನು ವಿವರಿಸಲು ಆರಿಸಿಕೊಂಡದ್ದೂ ಆ ಜಿಂಕೆಯ ಪದ್ಯವನ್ನೇ. ನಲ್ಮೆಯ ಕಥೆಯನ್ನು ಭಯದಿಂದ ಆರಂಭಿಸಿದ ಕಾಳಿದಾಸನು ರೂಢಿಯನ್ನು ಮುರಿದನೆ, ಪಾಲಿಸಿದನೆ? ಆಶ್ರಮದ ಜಿಂಕೆಯನ್ನು ಕೊಲ್ಲಬೇಡವೆಂದು ತಾಪಸನು ತಡೆಯುವುದೂ, ಆ ಆಶ್ರಮದ ಹುಡುಗಿಯು ಮುಂದೆ ಅದೇ ದೊರೆಯಿಂದ ನೊಂದು ನಿಲ್ಲುವುದೂ ನೆನಪಾದಾಗ, ಈ ಪ್ರಶ್ನೆಯೇ ಅರ್ಥವಿಲ್ಲದ್ದೆಂದು ತಿಳಿಯುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ: ಈ ಜಿಂಕೆ ಇಲ್ಲಿ ಏಕೆ ಓಡಿತು?

ಇನ್ನು ಇಂಗ್ಲೆಂಡಿನ ಉದಾಹರಣೆಗೆ ಬರುತ್ತೇನೆ. ಮಿತ್ರರು ಅದನ್ನು ಕೇಳಿ ಬಲ್ಲರು; ನಾನು ಅದನ್ನು ನಮ್ಮ ಮನೆಯ ಜಗಲಿಯ ಮೇಲೆಯೇ ಕಂಡೆನು. ನನ್ನ ಅಕ್ಕನ ಮೊಮ್ಮಗಳು ಆ ದೇಶದಲ್ಲಿ ಬೆಳೆದವಳು. ಈ ಬೇಸಗೆಯಲ್ಲಿ ಊರಿಗೆ ಬಂದಿದ್ದಾಗ, ತಾನು ೨೦೧೬ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಪರೀಕ್ಷೆಗಾಗಿ ಮಾಡಿದ್ದ ಚಿತ್ರವನ್ನು ತೋರಿಸಿದಳು. ಅಲ್ಲಿಯ ಒಂದು ಪರೀಕ್ಷಾಮಂಡಲಿಯು ೨೦೦೮ರಿಂದ ಕೆಲವು ವರ್ಷಗಳ ಕಾಲ ನಡೆಸಿದ ಪಾಠಕ್ರಮವದು. ಮೊದಲು ಒಂದು ಅಭ್ಯಾಸ: ಒಬ್ಬನು ಬಾಗಿಲು ತೆರೆದು, ಕೋಣೆಯನ್ನು ದಾಟಿ, ಇನ್ನೊಬ್ಬನ ಎದುರು ಕುಳಿತು ಎರಡು ಮಾತಾಡಬೇಕು. ಇದು ನಮ್ಮ ಬಾಲಪಾಠದ ಸಂಧಿಕಾರ್ಯದ ಹಾಗೆ. ಬಹಳ ಒಳ್ಳೆಯ ಕ್ರಮ. ಆಮೇಲೆ ಹೊಸ ಕಥೆಯೊಂದರ ಶೀರ್ಷಿಕೆಗಳೂ ಆರಂಭವೂ ಸೇರಿ ಹೆಚ್ಚೆಂದರೆ ಎರಡು ನಿಮಿಷದ ಚಿತ್ರ. ಕೊನೆಗೆ ಏಳು ಪ್ರಶ್ನೆಗಳಿಗೆ ಉತ್ತರ. ಮೊದಲನೆಯ ಪ್ರಶ್ನೆಯ ತಾತ್ಪರ್ಯ: ನಿನ್ನ ಕೃತಿಯು ಈ ಪ್ರಕಾರದ ರೂಢಿಗಳನ್ನು ಹೇಗೆ ಬಳಸಿದೆ, ಬೆಳೆಸಿದೆ ಅಥವಾ ಎದುರಿಸಿದೆ?

ಆಕೆಯ ಉತ್ತರವನ್ನು ಓದಿದೆನು. ಹೆದರಿಸುವ ಚಿತ್ರಗಳು ರಾತ್ರಿಯಲ್ಲಿ ನಡೆಯುತ್ತವೆ, ನಮ್ಮದು ಹಗಲಿನಲ್ಲಿ, ಆದುದರಿಂದ ರೂಢಿಯನ್ನು ಎದುರಿಸಿದ್ದೇವೆ. ಅವುಗಳಲ್ಲಿ ಸಂಗೀತವಿರುತ್ತದೆ, ನಮ್ಮದರಲ್ಲಿಲ್ಲ, ಆದುದರಿಂದ ಎದುರಿಸಿದ್ದೇವೆ. ಅವುಗಳಲ್ಲಿ ಹೊಂಗೂದಲ ಹುಡುಗಿಯು ಬಲಿಯಾಗುವಳು, ನಮ್ಮಲ್ಲಿ ಹಾಗಲ್ಲ, ಆದುದರಿಂದ ಎದುರಿಸಿದ್ದೇವೆ. ಅಂದವಾದ ಬರಹ. "ಇದನ್ನೆಲ್ಲ ಮೊದಲೇ ಯೋಚಿಸಿದ್ದೆಯೇನಮ್ಮಾ?" ಎಂದು ಕೇಳಿದೆನು. ಆಕೆಗೆ ನಗು ಬಂದಿತು. "ಇಲ್ಲ ತಾತ. ನಾಲ್ಕು ಗಂಟೆಯೊಳಗೆ ಕ್ಯಾಮರಾನ ಶಾಲೆಗೆ ವಾಪಸ್ಸು ಕೊಡಬೇಕಿತ್ತು. ಹಕ್ಕಿನ ತೊಂದರೆ ಇಲ್ಲದ ಸಂಗೀತ ಸಿಗಲಿಲ್ಲ. ನಟಿಸಬೇಕಾಗಿದ್ದ ಸ್ನೇಹಿತೆಗೆ ಜ್ವರ ಬಂತು, ನಾನೇ ನಿಂತೆ" ಎಂದಳು. ಒಳ್ಳೆಯ ಅಂಕಗಳೇ ಬಂದುವಂತೆ. ನನಗೆ ದುಃಖವಾದದ್ದು ಅದಕ್ಕೇ.

ಏಕೆಂದರೆ ಆ ಚಿತ್ರದಲ್ಲಿ ನಿಜವಾಗಿ ಒಂದು ಸಂಗತಿಯಿತ್ತು. ಹುಡುಗಿಯು ಬೀಗ ತೆಗೆದು ಮನೆಯೊಳಗೆ ಬರುತ್ತಾಳೆ. ನಮ್ಮವರ ಮನೆಗಳಲ್ಲಿ ಮಾಡುವಂತೆ ಬಾಗಿಲ ಬಳಿ ಪಾದರಕ್ಷೆಗಳನ್ನು ಬಿಟ್ಟು ಮಹಡಿಗೆ ಹೋಗುತ್ತಾಳೆ. ಕ್ಯಾಮರಾ ಅಲ್ಲಿಯೇ ನಿಂತು ಬರಿದಾದ ನೆಲದ ಮೇಲೆ ಆ ಒಂದು ಜೊತೆಯನ್ನು ತೋರಿಸುತ್ತದೆ. ಮೇಲೆ ಆಕೆ ಬಟ್ಟೆ ಮಡಿಸುತ್ತಾಳೆ, ಕಿಟಕಿ ತೆರೆಯುತ್ತಾಳೆ, ಏನೂ ಆಗುವುದಿಲ್ಲ. ಕೆಳಗಿಳಿದು ಬಂದಾಗ ಅವಳ ಜೊತೆಯ ಪಕ್ಕದಲ್ಲಿ ಇನ್ನೊಂದು ಜೊತೆ ಚಪ್ಪಲಿ. ಹಳೆಯದು, ಮಣ್ಣು ಮೆತ್ತಿದ್ದು, ಒಪ್ಪವಾಗಿ ಜೋಡಿಸಿಟ್ಟದ್ದು. ಅಲ್ಲಿಗೆ ಚಿತ್ರದ ಹೆಸರು ಬರುತ್ತದೆ. ನನ್ನ ಮೈ ಜುಮ್ಮೆಂದಿತು. ಕಳ್ಳನಾಗಿದ್ದರೆ ಚಪ್ಪಲಿ ಬಿಡುತ್ತಿರಲಿಲ್ಲ. ಬಂದವನು ಚಪ್ಪಲಿ ಬಿಟ್ಟು ಬಂದಿದ್ದಾನೆ; ಎಂದರೆ ಉಳಿಯುವುದಕ್ಕೆ ಬಂದಿದ್ದಾನೆ.

ಇಲ್ಲಿ ರೂಢಿಯು ಹೇಗೆ ಕೆಲಸಮಾಡಿತೆಂಬುದನ್ನು ಗಮನಿಸಬೇಕು. ಭರತನ ಶೂನ್ಯಗೃಹವು ಇಲ್ಲಿ ಹಾಗೆಯೇ ಇದೆ, ಒಬ್ಬಂಟಿತನವಿದೆ, ನಿಶ್ಶಬ್ದವಿದೆ. ಮನೆಯು ಬರಿದಾಗಿದೆಯೆಂದು ನಮ್ಮನ್ನು ಪೂರ್ಣವಾಗಿ ನಂಬಿಸಿದ ಮೇಲೆ, ಆ ಒಂದು ನಂಬಿಕೆಯನ್ನು ಮಾತ್ರ ಕಿತ್ತುಕೊಂಡಳು. ಕ್ಯಾಮರಾದ ದೆಸೆಯಿಂದ ಬಂದ ಹಗಲು ಕೂಡ ಆಗ ಸಾರ್ಥಕವಾಯಿತು; ಕತ್ತಲಿದ್ದಿದ್ದರೆ ಆ ಮಣ್ಣು ಕಾಣುತ್ತಿರಲಿಲ್ಲ. ಹಗಲೆಂಬುದು ರಾತ್ರಿಯಲ್ಲದ ಕಾರಣಕ್ಕೆ ಗುಣವಾಗಲಿಲ್ಲ, ಚಪ್ಪಲಿಯನ್ನು ತೋರಿಸಿದ ಕಾರಣಕ್ಕೆ ಗುಣವಾಯಿತು. ಆದರೆ ಆಕೆಯ ಏಳು ಉತ್ತರಗಳಲ್ಲಿ ಎಲ್ಲಿಯೂ ಆ ಚಪ್ಪಲಿಯ ಮಾತೇ ಇಲ್ಲ. ಏಕೆಂದು ಕೇಳಿದ್ದಕ್ಕೆ ಆಕೆ ಹೇಳಿದಳು: "ಅದು ರೂಢಿಗಳ ಪಟ್ಟಿಯಲ್ಲಿ ಇರಲಿಲ್ಲವಲ್ಲ ತಾತ, ಏನೂಂತ ಬರೆಯಲಿ?" ಮಿತ್ರರು ಈ ಮಾತನ್ನು ದಯಮಾಡಿ ಎರಡು ಸಲ ಓದಬೇಕು. ಪ್ರಶ್ನೆಯು ಆಕೆಗೆ ಇಲ್ಲದ ಗುಣಗಳನ್ನು ಹೇಳಿಕೊಳ್ಳಲು ಕಲಿಸಿತು. ಇದ್ದ ಗುಣವನ್ನು ಕಾಣದಂತೆ ಮಾಡಿತು.

ಆಮೇಲೆ ಆಕೆಯ ಜೊತೆಯಲ್ಲಿ ಕುಳಿತು, ಆ ಪ್ರಕಾರದಲ್ಲಿ ಹೆಸರಾದ ಕೆಲವು ಚಿತ್ರಗಳನ್ನು ನೋಡಿದೆನು. ಮುಂಬಾಗಿಲ ಅಗುಳಿಯನ್ನು ಹಾಕಿಯೇ ನೋಡಿದೆನೆಂದು ಒಪ್ಪಿಕೊಳ್ಳುತ್ತೇನೆ. ೧೯೬೮ರ "ನೈಟ್ ಆಫ್ ದ ಲಿವಿಂಗ್ ಡೆಡ್" ಎಂಬುದರಲ್ಲಿ ಅಣ್ಣತಂಗಿಯರು ತಂದೆಯ ಗೋರಿಗೆ ಹೋಗಿದ್ದಾರೆ. ಇನ್ನೂ ಬೆಳಕಿದೆ. ತಂಗಿಯ ಹೆದರಿಕೆಯನ್ನು ಅಣ್ಣನು ಅಣಕಿಸುತ್ತಾನೆ. ದೂರದಲ್ಲಿ ಯಾರೋ ನಡೆದುಬರುತ್ತಿದ್ದಾನೆ, ನಾವು ಅವನನ್ನು ಲೆಕ್ಕಿಸುವುದಿಲ್ಲ. ಅಣಕವು ಮುಗಿಯುವುದರೊಳಗೆ ಅಣಕಿಸಿದ ಸಂಗತಿಯೇ ನಿಜವಾಗಿ ಮೈಮೇಲೆ ಬೀಳುತ್ತದೆ. ಸ್ಮಶಾನವೆಂಬ ಹಳೆಯ ರೂಢಿಯನ್ನು ಬಿಟ್ಟಿದ್ದರೆ ಈ ಹಾಸ್ಯವೂ ಇಲ್ಲ, ಆ ಭಯವೂ ಇಲ್ಲ. ಹಿಚ್‌ಕಾಕನ ೧೯೬೦ರ "ಸೈಕೋ" ಚಿತ್ರವು ನಡುಹಗಲಿನಲ್ಲಿ, ಒಂದು ಹೋಟೆಲಿನ ಕೋಣೆಯಲ್ಲಿ, ಹಣಕಾಸಿನ ತೊಂದರೆಯ ಪ್ರೇಮಕಥೆಯಂತೆ ಆರಂಭವಾಗುತ್ತದೆ. ಕಥಾನಾಯಕಿಯೆಂದು ನಾವು ನಂಬಿದವಳು ಚಿತ್ರವು ಅರ್ಧವಾಗುವ ಮೊದಲೇ ಕೊಲೆಯಾಗುತ್ತಾಳೆ. ಅಷ್ಟು ಹೊತ್ತು ಅವಳನ್ನು ನಾಯಕಿಯಂತೆಯೇ ನಡೆಸಿಕೊಂಡು ಬಂದುದರಿಂದಲೇ ಆ ಪೆಟ್ಟು ಅಷ್ಟು ಬಲವಾಗಿ ಬಿದ್ದಿತು.

೧೯೯೬ರ "ಸ್ಕ್ರೀಮ್" ಎಂಬ ಚಿತ್ರದ ಆರಂಭವಂತೂ ನನ್ನ ವಾದಕ್ಕಾಗಿಯೇ ಮಾಡಿದಂತಿದೆ. ಒಬ್ಬಂಟಿ ಹುಡುಗಿಗೆ ಅಪರಿಚಿತನೊಬ್ಬನು ಟೆಲಿಫೋನಿನಲ್ಲಿ ಭಯಾನಕ ಚಿತ್ರಗಳ ಬಗೆಗೆ ಪ್ರಶ್ನೆ ಕೇಳುತ್ತಾನೆ. ೧೯೮೦ರ "ಫ್ರೈಡೇ ದ ಥರ್ಟೀಂತ್" ಚಿತ್ರದ ಕೊಲೆಗಾರನು ಯಾರೆಂಬುದು ಒಂದು ಪ್ರಶ್ನೆ. ಆಕೆಯು ಎಲ್ಲರ ಬಾಯಲ್ಲಿರುವ ಹೆಸರನ್ನು ಧೈರ್ಯದಿಂದ ಹೇಳುತ್ತಾಳೆ. ಅದು ತಪ್ಪು, ಆ ಮೊದಲ ಚಿತ್ರದಲ್ಲಿ ಕೊಲೆ ಮಾಡಿದವಳು ಅವನ ತಾಯಿ. ರೂಢಿಯನ್ನು ಬಲ್ಲೆನೆಂದು ಅರ್ಧ ತಿಳಿದವಳಿಗೆ ಅದೇ ಉರುಳಾಯಿತು. ಜಾಹೀರಾತಿನಲ್ಲಿ ಎದ್ದುಕಾಣುತ್ತಿದ್ದ ಪ್ರಸಿದ್ಧ ನಟಿಯು ಹದಿನೈದು ನಿಮಿಷ ಕಳೆಯುವ ಮುನ್ನ ಸಾಯುತ್ತಾಳೆ. ಇದು ಭಂಜನೆಯೇ ಹೌದು. ಆದರೆ ಬೀಗ ಹಾಕಿದ ಮನೆ, ರಾತ್ರಿ, ಒಂಟಿತನ, ಕಿಟಕಿಯ ಆಚೆಯ ಕತ್ತಲು, ಇವುಗಳಲ್ಲಿ ಯಾವುದನ್ನು ಮುರಿದರು? ಒಂದನ್ನು ಮುರಿಯಲು ಹತ್ತನ್ನು ಕಾಪಾಡಿದರು.

"೧೯೯೯ರ 'ಬ್ಲೇರ್ ವಿಚ್ ಪ್ರಾಜೆಕ್ಟ್' ಎಲ್ಲವನ್ನೂ ಮುರಿಯಲಿಲ್ಲವೆ?" ಎಂದು ಯಾರಾದರೂ ಕೇಳಬಹುದು. ಕಾಡಿಗೆ ಹೋಗಿ ಕಾಣೆಯಾದ ಮೂವರು ವಿದ್ಯಾರ್ಥಿಗಳ ಚಿತ್ರಸುರುಳಿಗಳು ಮರುವರ್ಷ ಸಿಕ್ಕಿದುವೆಂಬ ಬರಹದಿಂದ ಆ ಚಿತ್ರವು ಆರಂಭವಾಗುತ್ತದೆ. ಅಲುಗುವ ಕ್ಯಾಮರಾ, ನಟನೆಯಂತೆ ಕಾಣದ ಮಾತು, ಇವು ಅನೇಕರಿಗೆ ಹೊಸವಾದುವು. ಆದರೆ ಸಿಕ್ಕಿದ ಬರಹವೆಂಬ ನೆಪವು ಎಷ್ಟು ಹಳೆಯದೆಂದರೆ, ೧೭೬೪ರಲ್ಲಿ ಪ್ರಕಟವಾದ "ದ ಕ್ಯಾಸಲ್ ಆಫ್ ಒಟ್ರ್ಯಾಂಟೊ" ಎಂಬ ಕಾದಂಬರಿಯೂ ತನ್ನನ್ನು ಹಳೆಯ ಇಟಾಲಿಯನ್ ಪುಸ್ತಕದ ಅನುವಾದವೆಂದೇ ಹೇಳಿಕೊಂಡಿತು. ಅಡವಿಯಂತೂ ಭರತನ ಪಟ್ಟಿಯಲ್ಲಿಯೇ ಇದೆ.

ಹಾಗಾದರೆ ಲಕ್ಷಣವನ್ನು ಮೀರುವುದೇ ತಪ್ಪೆಂದು ನನ್ನ ಮತವೆ? ಅಲ್ಲವೇ ಅಲ್ಲ. ರಂಗದ ಮೇಲೆ ಮರಣವನ್ನು ತೋರಬಾರದೆಂಬುದು ಲಕ್ಷಣಕಾರರ ನಿಷೇಧ. ಭಾಸನದೆಂದು ಪ್ರಸಿದ್ಧವಾದ ಊರುಭಂಗದಲ್ಲಿ ತೊಡೆ ಮುರಿದ ದುರ್ಯೋಧನನು ನಮ್ಮ ಕಣ್ಣೆದುರಿನಲ್ಲಿಯೇ ಪ್ರಾಣಬಿಡುತ್ತಾನೆ. ಎಡೆಗೆ ಬರಲೆಳಸುವ ಮಗನನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲಾರದ ತಂದೆಯನ್ನು ತೆರೆಯ ಹಿಂದೆ ಸಾಯಿಸಿದ್ದರೆ ಆ ನಾಟಕವೇ ಇರುತ್ತಿರಲಿಲ್ಲ. ಅಗತ್ಯವು ನಿಯಮಕ್ಕಿಂತ ದೊಡ್ಡದಾದಾಗ ನಿಯಮವು ತಾನಾಗಿ ಮುರಿಯಿತು. ಅದಕ್ಕೆ ಅಂಕದ ಆಸೆಯು ಕಾರಣವಾಗಿರಲಿಲ್ಲ.

ಇಲ್ಲಿ ನನ್ನ ಸ್ವಂತ ಅಪರಾಧವೊಂದನ್ನೂ ಹೇಳದೆ ಹೋದರೆ ಈ ಲೇಖನವು ಪ್ರಾಮಾಣಿಕವಾಗುವುದಿಲ್ಲ. ನಾನು ಉಪಾಧ್ಯಾಯನಾದ ಹೊಸದರಲ್ಲಿ "ನಮ್ಮೂರ ಜಾತ್ರೆ" ಎಂಬ ಪ್ರಬಂಧವನ್ನು ಬರೆಯಲು ಹೇಳಿದ್ದೆನು. ಎಲ್ಲರೂ ಪೀಠಿಕೆಯಿಂದ ಆರಂಭಿಸಿದರು. ಒಬ್ಬ ಹುಡುಗನು ಮಾತ್ರ ಜಾತ್ರೆಯ ಮರುದಿನದಿಂದ ಆರಂಭಿಸಿದನು: ಬರಿದಾದ ಬಯಲು, ಒಡೆದ ಬಳೆಯ ಚೂರುಗಳು, ಅಂಗಡಿ ಕಿತ್ತ ಗೂಟದ ಕುಳಿಗಳು, ಅವುಗಳ ನಡುವೆ ತಾನು ಕಳೆದುಕೊಂಡ ನಾಲ್ಕಾಣೆಯನ್ನು ಹುಡುಕುವ ಒಬ್ಬ ಹುಡುಗ. ನಾನು ಕೆಂಪು ಶಾಯಿಯಲ್ಲಿ "ಪೀಠಿಕೆಯಿಲ್ಲ" ಎಂದು ಬರೆದು ಹತ್ತಕ್ಕೆ ನಾಲ್ಕು ಅಂಕ ಕೊಟ್ಟೆನು. ಮುಂದಿನ ಪ್ರಬಂಧದಲ್ಲಿ ಅವನು ಗಾದೆಯೊಂದಿಗೆ ನಿರ್ದುಷ್ಟವಾದ ಪೀಠಿಕೆಯನ್ನು ಬರೆದನು. ಎಂಟು ಅಂಕ ಕೊಟ್ಟೆನು. ಆ ಬಯಲಿನಂತಹ ಬರಹವನ್ನು ಅವನು ನನ್ನ ತರಗತಿಯಲ್ಲಿ ಮತ್ತೆ ಬರೆಯಲಿಲ್ಲ. ಪಟ್ಟಿಯನ್ನು ಪಾಲಿಸದವನ ಅಂಕ ಕಳೆದ ನಾನೂ, ಪಟ್ಟಿಯನ್ನು ಪಾಲಿಸದವನಿಗೆ ಅಂಕ ಕೊಡಹೊರಟ ಸಮಿತಿಯವರೂ ಮಾಡುವುದು ಒಂದೇ ತಪ್ಪು. ಇಬ್ಬರೂ ಪಟ್ಟಿಯನ್ನು ನೋಡಿದೆವು; ಹುಡುಗನ ಬಯಲನ್ನು ನೋಡಲಿಲ್ಲ.

ತೀರ್ಪುಗಾರರಿಗೆ ಒಂದು ನಿಶ್ಚಿತವಾದ ಅಳತೆ ಬೇಕಲ್ಲವೆ ಎಂಬುದು ಕೊನೆಯ ಆಕ್ಷೇಪ. ಬೇಕು. ಆದುದರಿಂದ ಕೇವಲ ನಿಷೇಧಿಸದೆ ನನ್ನ ಸೂಚನೆಯನ್ನೂ ಮುಂದಿಡುತ್ತೇನೆ. "ರೂಢಿಗಳನ್ನು ಮುರಿದುದಕ್ಕೆ" ಎಂಬ ಸಾಲನ್ನು ಹೊಡೆದುಹಾಕಿ, ಆ ಇಪ್ಪತ್ತು ಅಂಕಗಳನ್ನು ಚಿತ್ರದ ಜೊತೆಗೆ ವಿದ್ಯಾರ್ಥಿಗಳು ಬರೆದುಕೊಡಬೇಕಾದ ಅರ್ಧ ಪುಟಕ್ಕೆ ಇಡಬೇಕು. ಅದರಲ್ಲಿ ಮೂರು ಪ್ರಶ್ನೆಗಳಿದ್ದರೆ ಸಾಕು. ನಿಮ್ಮ ಚಿತ್ರದ ಯಾವ ಕ್ಷಣವು ನಿಮಗೆ ಮುಖ್ಯ? ಆ ಕ್ಷಣಕ್ಕೆ ಮೊದಲು ನೋಡುವವನು ಏನನ್ನು ನಂಬಿದ್ದನು, ಅವನನ್ನು ಹಾಗೆ ನಂಬಿಸಲು ಏನು ಮಾಡಿದಿರಿ? ಆ ಕ್ಷಣವು ಅವನಿಗೆ ಏನನ್ನು ಕೊಟ್ಟಿತು? ಇವುಗಳಿಗೆ ಉತ್ತರಿಸುವವನು ರೂಢಿಯನ್ನು ಬಲ್ಲವನಾಗಿಯೇ ಇರಬೇಕು. ಆದರೆ ಅದನ್ನು ಮುರಿದೆನೆಂದು ಸುಳ್ಳು ಹೇಳಬೇಕಾಗಿಲ್ಲ. ಕ್ಯಾಮರಾವನ್ನು ನಾಲ್ಕು ಗಂಟೆಗೆ ಹಿಂದಿರುಗಿಸಬೇಕಾಗಿತ್ತೆಂದು ಬರೆದರೂ ಅಂಕ ಕಳೆಯಬಾರದು.

ಮೊದಲ ಚಿತ್ರವನ್ನು ಮಾಡುವ ಹುಡುಗರು ಪಾಳುಮನೆಯನ್ನೂ ಗೂಗೆಯನ್ನೂ ತಂದರೆ ತರಲಿ. ನಾವೂ ರಘುವಂಶಕ್ಕೆ ಮೊದಲು ಶಬ್ದರೂಪಗಳನ್ನು ಬಾಯಿಪಾಠ ಮಾಡಿದವರೇ. ಬಾಗಿಲನ್ನು ನೇರವಾಗಿ ತೆರೆಯುವುದನ್ನು ಕಲಿತವನಿಗೆ, ಒಂದು ದಿನ ಅದನ್ನು ತೆರೆಯದೆ ಬಿಡಬೇಕಾದ ಕಾರಣವೂ ಹೊಳೆದೀತು. ನಿಯಮಗಳು ಅಂತಿಮವಾಗುವ ಮೊದಲು ಸಮಿತಿಯ ಮಹನೀಯರು ಈ ಸೂಚನೆಯನ್ನು ವಿಚಾರಕ್ಕೆ ತೆಗೆದುಕೊಳ್ಳಬೇಕೆಂದು ವಿಜ್ಞಾಪಿಸುತ್ತೇನೆ. ಭಿನ್ನಾಭಿಪ್ರಾಯವುಳ್ಳವರು ಈ ಪತ್ರಿಕೆಯಲ್ಲಿಯೇ ಉತ್ತರ ಬರೆದರೆ ಸಂತೋಷದಿಂದ ಓದುತ್ತೇನೆ. ನನ್ನ ತಪ್ಪು ಕಂಡುಬಂದರೆ ತಿದ್ದಿಕೊಳ್ಳುತ್ತೇನೆ.